ಅಂಗಾಲಿನ ಬಿಸಿ ಓದುವ ಕ್ರಮ

ಮುಂಬಯಿ ಪಕ್ಕದ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿರುವ ಒಂದು ಕಾರ್ಖಾನೆಯ ವಿದ್ಯುತ್ ನಿರ್ವಹಣೆ ನನ್ನ ಕೆಲಸ. ತಿಂಗಳಿಗೊಮ್ಮೆ, ಬಿಸಿಯನ್ನು ಬಣ್ಣವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿದು ಪ್ಯಾನೆಲ್‌ಗಳ ಮುಂದೆ ನಿಲ್ಲುತ್ತೇನೆ. ಮೂರು ಫೇಸ್‌ಗಳಲ್ಲಿ ಎರಡು ಒಂದೇ ಬಣ್ಣದಲ್ಲಿದ್ದು ಮೂರನೆಯದರ ಜಾಯಿಂಟ್ ಮಾತ್ರ ಹಳದಿಗೆ ತಿರುಗಿದ್ದರೆ ಅಲ್ಲಿ ನಟ್ಟು ಸಡಿಲವಾಗಿದೆ ಎಂದು ಲೆಕ್ಕ. ಹೊಗೆ ಇರುವುದಿಲ್ಲ, ವಾಸನೆ ಇರುವುದಿಲ್ಲ, ಮುಟ್ಟಿ ನೋಡುವ ಹಾಗಂತೂ ಇಲ್ಲವೇ ಇಲ್ಲ. ಆದರೂ ಲೋಡ್ ಇಳಿಸಿ ಬಿಗಿ ಮಾಡದಿದ್ದರೆ ಒಂದು ದಿನ ಸುಡುವುದು ಖಂಡಿತ. ಇಷ್ಟು ವರ್ಷ ಇದನ್ನೇ ಮಾಡಿದವನಿಗೆ ಅದೇ ಕ್ಯಾಮೆರಾವನ್ನು ಅಪ್ಪನ ಅಂಗಾಲಿನ ಕಡೆಗೆ ತಿರುಗಿಸಬಹುದೆಂದು ಹೊಳೆದದ್ದು ಅವರ ಎಡಗಾಲಿನ ಎರಡನೆಯ ಬೆರಳು ಹೋದ ಮೇಲೆ.

ಅಪ್ಪ ಕುಂದಾಪುರದ ಕಡೆಯವರು. ಮಾಟುಂಗದ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತೇ ಆಯುಷ್ಯದ ಬಹುಪಾಲು ಕಳೆದವರು. ನೀರು ಚಿಮುಕಿಸಿದರೆ ಅದು ಚುಂಯ್ ಎನ್ನುವ ಸದ್ದಿನಲ್ಲೇ ಕಾವಲಿಯ ಹದ ಹೇಳುತ್ತಿದ್ದ ಮನುಷ್ಯನಿಗೆ ತನ್ನ ಚಪ್ಪಲಿಯೊಳಗೆ ಸೇರಿಕೊಂಡಿದ್ದ ಹುಣಸೆ ಬೀಜ ಇಡೀ ದಿನ ಗೊತ್ತಾಗಲಿಲ್ಲ. ರಾತ್ರಿ ಕಾಲು ತೊಳೆಯುವಾಗ ಬಚ್ಚಲಿನ ನೀರು ಕೆಂಪಾಯಿತು, ಆಗ ತಿಳಿಯಿತು. ಸಕ್ಕರೆ ಕಾಯಿಲೆಯಲ್ಲಿ ನರ ಸತ್ತ ಪಾದದ ಸ್ವಭಾವವೇ ಇದು: ನೋವು ಹೇಳುವುದಿಲ್ಲ. ಆದರೆ ಬಿಸಿಯನ್ನು ಬಚ್ಚಿಡಲು ಅದಕ್ಕೆ ಆಗುವುದಿಲ್ಲ.

ನಡೆಯುವಾಗ ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬಿದ್ದರೆ ಚರ್ಮದ ಕೆಳಗಿನ ಮಾಂಸ ಜಜ್ಜಿಹೋಗಿ ಉರಿಯೂತ ಶುರುವಾಗುತ್ತದೆ. ರಕ್ತ ಅಲ್ಲಿಗೆ ಹೆಚ್ಚು ಹರಿಯುತ್ತದೆ, ಜಾಗ ಕಾಯುತ್ತದೆ. ಚರ್ಮ ಒಡೆಯುವುದು ಅದಾದ ಎಷ್ಟೋ ದಿನಗಳ ಮೇಲೆ. ಇದನ್ನು ಮೊದಲು ಗಂಭೀರವಾಗಿ ಗಮನಿಸಿದವರಲ್ಲಿ ಡಾ. ಪಾಲ್ ಬ್ರ್ಯಾಂಡ್ ಒಬ್ಬರು. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಚಿಕಿತ್ಸೆಯಲ್ಲಿ ತೊಡಗಿದ ಅವರು, ರೋಗಿಯ ಜಡಗಟ್ಟಿದ ಪಾದದ ಮೇಲೆ ತಮ್ಮ ಕೈಯಾಡಿಸಿ ಬಿಸಿ ಜಾಗ ಹುಡುಕುತ್ತಿದ್ದರು. ಮುಂದೆ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಯಲ್ಲಿ ಆ ಕೆಲಸಕ್ಕೆ ಥರ್ಮಲ್ ಚಿತ್ರಗಳನ್ನೂ ಬಳಸಿದರು. ನಾವು ಇಂದು ಮಧುಮೇಹದ ಪಾದಕ್ಕೆ ಮಾಡುತ್ತಿರುವುದು ಅದರ ಮುಂದುವರಿಕೆ.

ನಿಮಗೆ ಇದು ಬೇಕೇ?

ಸಕ್ಕರೆ ಇದ್ದವರೆಲ್ಲ ಕ್ಯಾಮೆರಾ ಕೊಳ್ಳಲು ಓಡಬೇಕಾಗಿಲ್ಲ. ಪಾದದಲ್ಲಿ ಸ್ಪರ್ಶ ಸರಿಯಾಗಿದ್ದು, ರಕ್ತ ಚೆನ್ನಾಗಿ ಹರಿಯುತ್ತಿದ್ದು, ಹಿಂದೆ ಹುಣ್ಣಾಗಿರದಿದ್ದರೆ ವರ್ಷಕ್ಕೊಮ್ಮೆ ವೈದ್ಯರು ಪಾದ ಪರೀಕ್ಷಿಸಿದರೆ ಸಾಕು. ಜೋಮು ಇರುವವರು, ಬೆರಳುಗಳು ಕೊಕ್ಕೆಯಂತೆ ಬಾಗಿರುವವರು, ಅಂಗಾಲಿನಲ್ಲಿ ಆಣಿ ಕಟ್ಟುವವರು, ಎಲ್ಲಕ್ಕಿಂತ ಮುಖ್ಯವಾಗಿ ಒಮ್ಮೆ ಹುಣ್ಣಾಗಿ ವಾಸಿಯಾದವರು: ಇವರಿಗೆ ದಿನನಿತ್ಯದ ಅಳತೆ ಬೇಕು. ವಾಸಿಯಾದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಒಂದು ವರ್ಷದೊಳಗೇ ಮತ್ತೆ ಹುಣ್ಣಾಗುತ್ತದೆ. ಗಾಯ ಮಾಯಿತು ಎಂದು ಆಸ್ಪತ್ರೆಯಿಂದ ನಗುತ್ತ ಬಂದ ಅಪ್ಪನಿಗೆ ಈ ಲೆಕ್ಕವನ್ನು ನಾನು ಹೇಳಲಿಲ್ಲ, ಅಮ್ಮನಿಗೆ ಹೇಳಿದೆ.

ಸ್ಪರ್ಶ ಇದೆಯೋ ಇಲ್ಲವೋ ಎಂದು ತಿಳಿಯಲು ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ನೋಡುತ್ತಾರೆ. ಮನೆಯಲ್ಲಿ ಮಾಡಬಹುದಾದ ಸುಲಭ ದಾರಿಯೂ ಇದೆ, ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎನ್ನುತ್ತಾರೆ. ಹಿರಿಯರಿಗೆ ಕಣ್ಣು ಮುಚ್ಚಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಗೊತ್ತಾಗಲಿಲ್ಲವೆಂದು ಎರಡನೆಯ ಸಲ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ. ಅಪ್ಪನಿಗೆ ಉಳಿದ ಬೆರಳುಗಳಲ್ಲಿ ತಿಳಿದದ್ದು ಒಂದೇ ಒಂದು.

ಯಾವ ಸಾಧನ?

ಎರಡು ಬಗೆ ಇವೆ. ಒಂದೊಂದೇ ಬಿಂದುವಿನ ಬಿಸಿ ಹೇಳುವ ಇನ್‌ಫ್ರಾರೆಡ್ ಥರ್ಮಾಮೀಟರ್, ಇಡೀ ಪಾದದ ಚಿತ್ರ ಕೊಡುವ ಥರ್ಮಲ್ ಕ್ಯಾಮೆರಾ. ಮೊದಲನೆಯದು ಒಂದೆರಡು ಸಾವಿರ ರೂಪಾಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಲೋಹಾರ್ ಚಾಳದಲ್ಲೋ ಸಿಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಕ್ಯಾಮೆರಾಕ್ಕೆ ಅದರ ಎಷ್ಟೋ ಪಟ್ಟು ಬೆಲೆ. ಕೈ ಬಿಗಿ ಇರುವವರು ಥರ್ಮಾಮೀಟರನ್ನೇ ಕೊಳ್ಳಿ, ಸಂಕೋಚ ಬೇಡ. ಹುಣ್ಣು ಕಡಿಮೆಯಾಗುತ್ತದೆ ಎಂದು ತೋರಿಸಿದ ಹಳೆಯ ಪ್ರಯೋಗಗಳೆಲ್ಲ ನಡೆದದ್ದು ಬಿಂದುವಿನ ಥರ್ಮಾಮೀಟರಿನಿಂದಲೇ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 173 ಜನರನ್ನು 15 ತಿಂಗಳು ಗಮನಿಸಿದರು. ಮನೆಯಲ್ಲಿ ದಿನವೂ ಪಾದದ ಬಿಸಿ ಅಳೆದವರಲ್ಲಿ ಶೇ 8.5 ಮಂದಿಗೆ ಮತ್ತೆ ಹುಣ್ಣಾಯಿತು, ಅಳೆಯದವರಲ್ಲಿ ಸುಮಾರು ಶೇ 30 ಮಂದಿಗೆ.

ಕೋವಿಡ್ ಕಾಲದಲ್ಲಿ ಕೊಂಡ ಹಣೆಯ ಗನ್ನು ಕಪಾಟಿನಲ್ಲಿದೆಯಲ್ಲ ಎಂದು ಕೇಳುವಿರಿ. ಅದರಲ್ಲಿ ಬಹುಪಾಲು ಮಾದರಿಗಳು ದೇಹದ ಜ್ವರ ಅಳೆಯಲು ಮಾಡಿದವು. ಪಾದ 28 ಡಿಗ್ರಿಯಲ್ಲಿದ್ದರೆ ‘ಲೋ’ ಎಂದು ತೋರಿಸಿ ಸುಮ್ಮನಾಗುತ್ತವೆ. ವಸ್ತುವಿನ ಮೇಲ್ಮೈ ಅಳೆಯುವ ಆಯ್ಕೆ ಅದರಲ್ಲಿದ್ದರೆ ಅದನ್ನು ಒತ್ತಿ ಬಳಸಬಹುದು.

ಕ್ಯಾಮೆರಾ ಕೊಳ್ಳುವವರಿಗೆ ನನ್ನ ಕಸುಬಿನ ಒಂದು ಮಾತು. ಅಗ್ಗದ ಕ್ಯಾಮೆರಾಗಳು ತೋರಿಸುವ ಡಿಗ್ರಿ ಮೂರು ನಾಲ್ಕರಷ್ಟು ಆಚೀಚೆ ಇರಬಹುದು. ಹೆದರಬೇಕಾಗಿಲ್ಲ. ನಮಗೆ ಬೇಕಾದದ್ದು ನಿಜವಾದ ಉಷ್ಣತೆ ಅಲ್ಲ, ಒಂದೇ ಚಿತ್ರದಲ್ಲಿ ಬಲಕ್ಕೂ ಎಡಕ್ಕೂ ಇರುವ ವ್ಯತ್ಯಾಸ. ಸಾಧನ ಸುಳ್ಳು ಹೇಳಿದರೂ ಎರಡು ಕಾಲಿಗೂ ಸರಿಸುಮಾರು ಒಂದೇ ಸುಳ್ಳು ಹೇಳುತ್ತದೆ. ಎಮಿಸಿವಿಟಿ (ಮೇಲ್ಮೈ ಎಷ್ಟು ಬಿಸಿಯನ್ನು ಹೊರಸೂಸುತ್ತದೆ ಎಂಬ ಅಳತೆ) ಎಂಬ ಸೆಟ್ಟಿಂಗ್ ಇದ್ದರೆ ಚರ್ಮಕ್ಕೆ 0.98 ಇಡಿ.

ಚಿತ್ರ ತೆಗೆಯುವ ಮೊದಲು

ತಪ್ಪುಗಳೆಲ್ಲ ಆಗುವುದು ಇಲ್ಲೇ. ಮೊದಲ ವಾರ ಅಪ್ಪನ ಬಲಗಾಲು ದಿನವೂ ಎರಡು ಡಿಗ್ರಿ ಹೆಚ್ಚು ತೋರಿಸಿ ನಮ್ಮ ನಿದ್ದೆ ಕೆಡಿಸಿತು. ಕಾರಣ ಹುಡುಕಿದರೆ, ಅವರು ಚಕ್ಕಳಮಟ್ಟೆ ಹಾಕಿ ಕೂತು ಕಾಫಿ ಕುಡಿಯುತ್ತಿದ್ದರು, ಬಲ ಪಾದ ತೊಡೆಯ ಕೆಳಗೆ ಬೆಚ್ಚಗೆ ಸೇರಿಕೊಂಡಿರುತ್ತಿತ್ತು. ಹೊದಿಕೆಯಿಂದ ಒಂದು ಕಾಲು ಹೊರಗಿಟ್ಟು ಮಲಗುವವರಿಗೂ ಹೀಗೇ ಆಗುತ್ತದೆ.

ಆದ್ದರಿಂದ ಬೆಳಿಗ್ಗೆ ಎದ್ದು, ಓಡಾಟ ಶುರುವಾಗುವ ಮೊದಲು, ಎರಡೂ ಕಾಲನ್ನು ಬರಿದು ಮಾಡಿ, ಒಂದಕ್ಕೊಂದು ತಾಗದಂತೆ ಚಾಚಿ, 15 ನಿಮಿಷ ಸುಮ್ಮನೆ ಇರಬೇಕು. ಬರಿಗಾಲನ್ನು ನೆಲಕ್ಕೆ ಊರಬಾರದು, ಮೊಸಾಯಿಕ್ ನೆಲ ಬಿಸಿಯನ್ನೆಲ್ಲ ಹೀರುತ್ತದೆ. ಫ್ಯಾನಿನ ಗಾಳಿ, ಎಸಿಯ ಗಾಳಿ ಒಂದೇ ಕಾಲಿಗೆ ಬಡಿಯಬಾರದು. ಕಾಲು ತೊಳೆದಿದ್ದರೆ ಪೂರ್ತಿ ಒಣಗಿರಲಿ. ಒದ್ದೆ ಚರ್ಮ ತಣ್ಣಗೆ ಕಾಣುತ್ತದೆ. ಎಣ್ಣೆ, ಮುಲಾಮು ಹಚ್ಚುವುದೆಲ್ಲ ಅಳತೆಯ ನಂತರ. ಹೊಸ್ತಿಲ ಬಳಿ ಬಿಸಿಲು ಬೀಳುವ ಜಾಗ, ಅಡುಗೆ ಒಲೆಯ ಎದುರು ಬೇಡ. ನಮ್ಮ ಬ್ಲಾಕಿನಲ್ಲಿ ಇರುವುದೇ ಒಂದೂವರೆ ಕೋಣೆ, ಅದರಲ್ಲಿ ಮಂಚದ ಕಾಲುಬದಿ ಸರಿಹೋಯಿತು. ಮುಂಬಯಿಯ ಮೇ ತಿಂಗಳಿನಲ್ಲಿ ಕೋಣೆಯೇ 32 ಡಿಗ್ರಿ ಇರುತ್ತದೆ, ಎರಡೂ ಪಾದಗಳು ಒಟ್ಟಿಗೆ ಬಿಸಿಯಾಗಿ ಕಾಣುತ್ತವೆ. ಇರಲಿ, ವ್ಯತ್ಯಾಸವನ್ನೇ ನೋಡಿ.

ತೆಗೆಯುವುದು

ಹಿರಿಯರು ಮಂಚದ ಮೇಲೆ ಅಂಗಾತ ಮಲಗಲಿ, ಹಿಮ್ಮಡಿ ಹಾಸಿಗೆಯ ಅಂಚಿನಿಂದ ತುಸು ಹೊರಗಿರಲಿ. ಕಣಕಾಲಿನ ಬಳಿ ದಪ್ಪ ಟವೆಲ್ಲೊಂದನ್ನು ಪರದೆಯಂತೆ ನಿಲ್ಲಿಸಿದರೆ ಹಿಂದಿನ ಮೈಯ ಬಿಸಿ ಚಿತ್ರದೊಳಗೆ ಬರುವುದಿಲ್ಲ, ಪಾದದ ಅಂಚು ಸ್ಪಷ್ಟವಾಗುತ್ತದೆ. ಕ್ಯಾಮೆರಾ ಅಂಗಾಲಿಗೆ ನೇರವಾಗಿ, ಅರ್ಧ ಮೀಟರಿನಿಂದ ಒಂದು ಮೀಟರಿನೊಳಗೆ, ಎರಡು ಪಾದಗಳೂ ಒಂದೇ ಚಿತ್ರದಲ್ಲಿ ತುಂಬಿಕೊಳ್ಳುವಂತೆ. ಓರೆಯಾಗಿ ಹಿಡಿಯಬೇಡಿ. ಹತ್ತಿರ ಸ್ಟೀಲ್ ಪಾತ್ರೆ, ತಟ್ಟೆ ಇರಬಾರದು, ಹೊಳೆಯುವ ಲೋಹ ಬಿಸಿಯನ್ನು ಕನ್ನಡಿಯಂತೆ ಪ್ರತಿಫಲಿಸಿ ಇಲ್ಲದ ಕಲೆ ತೋರಿಸುತ್ತದೆ.

ಹೊಸಬರು ಎಡವುವುದು ಬಣ್ಣದ ವಿಷಯದಲ್ಲಿ. ಕ್ಯಾಮೆರಾ ತಾನಾಗಿಯೇ ಆ ಚಿತ್ರದ ಅತಿ ತಣ್ಣನೆಯದಕ್ಕೆ ನೀಲಿ, ಅತಿ ಬಿಸಿಯದಕ್ಕೆ ಬಿಳಿ ಅಥವಾ ಕೆಂಪು ಕೊಡುತ್ತದೆ. ವ್ಯತ್ಯಾಸ ಅರ್ಧ ಡಿಗ್ರಿ ಇದ್ದರೂ ಪಾದ ಹೊತ್ತಿ ಉರಿಯುವಂತೆ ಕಾಣುತ್ತದೆ. ಆಪ್‌ನಲ್ಲಿ ಅಳತೆಯ ವ್ಯಾಪ್ತಿಯನ್ನು ಕಟ್ಟಿಹಾಕುವ ಸೌಲಭ್ಯ ಇದ್ದರೆ 22ರಿಂದ 36 ಡಿಗ್ರಿ ಎಂದು ಬಿಗಿ ಮಾಡಿ, ದಿನವೂ ಅದರಲ್ಲೇ ತೆಗೆಯಿರಿ. ಇಲ್ಲದಿದ್ದರೆ ಬಣ್ಣವನ್ನು ಮರೆತು ಅಂಕಿಯನ್ನು ಮಾತ್ರ ನಂಬಿ.

ಅಂಕಿ ತೆಗೆದುಕೊಳ್ಳಬೇಕಾದ ಜಾಗಗಳು ಪ್ರತಿ ಕಾಲಿನಲ್ಲಿ ಆರು: ಹೆಬ್ಬೆರಳು; ಹೆಬ್ಬೆರಳಿನ ಬುಡದ ಉಬ್ಬು; ನಡುಬೆರಳಿನ ಬುಡ; ಕಿರುಬೆರಳಿನ ಬುಡ; ಅಂಗಾಲಿನ ನಡು; ಹಿಮ್ಮಡಿ. ಹಳೆಯ ಹುಣ್ಣಿನ ಜಾಗ ಇವುಗಳಲ್ಲಿ ಸೇರದಿದ್ದರೆ ಏಳನೆಯದಾಗಿ ಅದನ್ನೂ ಸೇರಿಸಿ. ಒಂದು ಬೆರಳು ಇಲ್ಲದಿದ್ದರೆ ಆ ಜೋಡಿಯನ್ನು ಬಿಡಿ. ಒಂದು ಪಾದವೇ ಇಲ್ಲದವರು ಅದೇ ಪಾದದ ಅಕ್ಕಪಕ್ಕದ ಜಾಗಗಳ ಜೊತೆ, ನಿನ್ನೆ ಮೊನ್ನೆಯ ಚಿತ್ರಗಳ ಜೊತೆ ಹೋಲಿಸಬೇಕಾಗುತ್ತದೆ; ಅವರು ವೈದ್ಯರ ನೆರವಿಲ್ಲದೆ ತೀರ್ಮಾನಕ್ಕೆ ಬರಬಾರದು.

ಚಿತ್ರ ಮೊಬೈಲಿನಲ್ಲಿದ್ದರೂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಪ್ಪ ಹೋಟೆಲಿನ ಉದ್ರಿ ಪುಸ್ತಕದ ಹಾಗೆ ಗೆರೆ ಹಾಕಿಕೊಂಡರು: ತಾರೀಖು, ಬಲ, ಎಡ, ಬಾಕಿ. ವ್ಯತ್ಯಾಸಕ್ಕೆ ‘ಬಾಕಿ’ ಎಂದು ಹೆಸರಿಟ್ಟವರು ಅವರೇ.

ಬಾಕಿ ಎಷ್ಟಾದರೆ ಎಚ್ಚರ?

2.2 ಡಿಗ್ರಿ ಸೆಲ್ಸಿಯಸ್. ಎರಡು ಪಾದಗಳ ಒಂದೇ ಜಾಗದ ನಡುವೆ ಇದಕ್ಕಿಂತ ಹೆಚ್ಚು ಅಂತರವಿದ್ದು, ಅದು ಎರಡು ದಿನ ಸಾಲಾಗಿ ಹಾಗೆಯೇ ಇದ್ದರೆ, ಬಿಸಿ ಇರುವ ಕಾಲು ಅಪಾಯದಲ್ಲಿದೆ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಉದಾಹರಣೆಗೆ ಬಲ ಹೆಬ್ಬೆರಳಿನ ಬುಡ 30.6, ಎಡದ್ದು 33.4 ಇದ್ದರೆ ಬಾಕಿ 2.8. ಮೊದಲ ದಿನ ಇಷ್ಟು ಕಂಡರೆ 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎರಡನೆಯ ದಿನವೂ ಅಷ್ಟೇ ಬಂದರೆ ವಾದ ಮಾಡಬೇಡಿ.

ಈ ಗೆರೆ ಬಹಳ ಸೂಕ್ಷ್ಮ, ಸುಳ್ಳು ಗಂಟೆಯನ್ನೂ ಬಾರಿಸುತ್ತದೆ. ಮೇಲೆ ನಿಂತರೆ ಪಾದದ ಬಿಸಿ ಅಳೆಯುವ ಚಾಪೆಯೊಂದನ್ನು 2017ರಲ್ಲಿ ಅಮೆರಿಕದಲ್ಲಿ 129 ಜನರ ಮೇಲೆ ಪರೀಕ್ಷಿಸಿದಾಗ, 2.2 ಡಿಗ್ರಿಯ ಲೆಕ್ಕದಲ್ಲಿ ಮುಂದೆ ಆದ ಹುಣ್ಣುಗಳಲ್ಲಿ ಶೇ 97ರಷ್ಟನ್ನು ಸರಾಸರಿ 37 ದಿನ ಮುಂಚೆಯೇ ಹಿಡಿದಿತ್ತು. ಅದೇ ಲೆಕ್ಕದಲ್ಲಿ ಸುಳ್ಳು ಎಚ್ಚರಿಕೆಯ ಪ್ರಮಾಣವೂ ಶೇ 57ರಷ್ಟಿತ್ತು. ನಾಲ್ಕು ಸಲ ಸುಮ್ಮನೆ ಕೂರಬೇಕಾಗಿ ಬಂದದ್ದಕ್ಕೆ ಅಪ್ಪ ಗೊಣಗಿದರು. ಐದನೆಯ ಸಲ ಆಣಿಯ ಕೆಳಗೆ ರಕ್ತ ಕಟ್ಟಿದ್ದು ಸಿಕ್ಕಿತು. ಆಮೇಲೆ ಗೊಣಗಾಟ ಇಲ್ಲ ಎಂದಲ್ಲ, ದನಿ ತಗ್ಗಿದೆ.

ಬಿಸಿ ಸಿಕ್ಕಿತು, ಈಗೇನು?

ಲೋಡ್ ಇಳಿಸುವುದು. ಇದೊಂದನ್ನು ಮಾಡದಿದ್ದರೆ ಮೇಲಿನದೆಲ್ಲ ಬರೀ ಬಣ್ಣದ ಚಿತ್ರದ ಆಟ. ನೆದರ್ಲೆಂಡ್ಸ್‌ನಲ್ಲಿ ಸುಮಾರು 300 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನೆಯಲ್ಲಿ ಅಳೆದವರಿಗೂ ಅಳೆಯದವರಿಗೂ ಒಟ್ಟಾರೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಸಿ ಕಂಡಾಗ ನಿಜವಾಗಿಯೂ ನಡಿಗೆ ಕಡಿಮೆ ಮಾಡಿದವರಿಗೆ ಹುಣ್ಣು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಬ್ರಿಟನ್ನಿನಲ್ಲಿ ತಿಂಗಳಿಗೊಮ್ಮೆ ಕ್ಲಿನಿಕ್ಕಿನಲ್ಲಿ ಥರ್ಮಲ್ ಚಿತ್ರ ತೆಗೆದು ನೋಡಿದ ಪ್ರಯೋಗವೂ ಹುಣ್ಣನ್ನು ತಗ್ಗಿಸಲಿಲ್ಲ. ‘ಫೂಟ್ ಸ್ಕ್ಯಾನ್ ಪ್ಯಾಕೇಜ್’ ಎಂದು ತಿಂಗಳಿಗೊಮ್ಮೆ ದುಡ್ಡು ಕಟ್ಟಲು ಯಾರಾದರೂ ಕರೆದರೆ ಇದನ್ನು ನೆನಪಿಡಿ.

ಲೋಡ್ ಇಳಿಸುವುದೆಂದರೆ ಮುಂಬಯಿಯ ಜೀವನದಲ್ಲಿ ಏನು? ಬೆಳಗಿನ ವಾಕಿಂಗ್ ನಿಲ್ಲಿಸುವುದು. ಸ್ಟೇಷನ್ನಿನ ಮೇಲ್ಸೇತುವೆ ಹತ್ತಿಳಿಯದಿರುವುದು. ಲೋಕಲ್‌ನಲ್ಲಿ ನಿಂತು ಪ್ರಯಾಣ ಮಾಡದಿರುವುದು, ಅಂದರೆ ನಮ್ಮ ಲೈನಿನಲ್ಲಿ ಪ್ರಯಾಣವನ್ನೇ ಮಾಡದಿರುವುದು. ಮಂಗಳವಾರದ ಸಿದ್ಧಿವಿನಾಯಕನ ಸರದಿಯನ್ನು ಒಂದೆರಡು ವಾರ ಬಿಡುವುದು. ಸ್ನಾನ, ಊಟ, ಶೌಚಕ್ಕೆ ಏಳಬಹುದು, ಆಗಲೂ ಕಾಲಿಗೆ ಮೆತ್ತನೆಯ ಚಪ್ಪಲಿ ಇರಬೇಕು. ಈಗಲೂ ಹೋಟೆಲಿನಲ್ಲಿ ದುಡಿಯುವವರು ಮಾಲೀಕರಿಗೆ ನೋಟ್‌ಬುಕ್ ತೋರಿಸಿ ಕ್ಯಾಷ್ ಕೌಂಟರಿನಲ್ಲಿ ಕೂರುವ ಕೆಲಸ ಕೇಳಿ. ಕಾವಲಿಯ ಮುಂದಿನ ಹತ್ತು ತಾಸು ಅಂಗಾಲಿಗೆ ಏನು ಮಾಡುತ್ತದೆಂದು ಊರಿನಿಂದ ಬಂದು ಹೋಟೆಲು ಕಟ್ಟಿದ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜೊತೆಗೆ ಕಾರಣ ಹುಡುಕಿ. ಚಪ್ಪಲಿಯೊಳಗೆ ಕೈ ಹಾಕಿ ತಡವಿ: ಮೊಳೆ, ಕಲ್ಲು, ಮಡಚಿದ ಅಟ್ಟೆ. ಬಿಸಿ ಜಾಗದ ಮೇಲೆ ಆಣಿ ಇದ್ದರೆ ಅದನ್ನು ವೈದ್ಯರೋ ಪಾದದ ಆರೈಕೆಯಲ್ಲಿ ತರಬೇತಾದವರೋ ತೆಗೆಯಬೇಕು. ಬ್ಲೇಡಿನಿಂದ ನೀವೇ ಕೆತ್ತುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು ಎರಡೂ ಬೇಡ. ಆ ಪಟ್ಟಿಯ ಆಮ್ಲ ಜಡ ಚರ್ಮವನ್ನು ಸುಟ್ಟರೂ ತಿಳಿಯುವುದಿಲ್ಲ. ಬಿಸಿ ಇದೆಯೆಂದು ಐಸ್ ಇಡುವುದು ಕೂಡ ಇದೇ ಸಾಲಿಗೆ ಸೇರಿದ ತಪ್ಪು.

ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಭೇಟಿಗೆ ಹೋಗುವಾಗ ನೋಟ್‌ಬುಕ್ಕಿನ ಜೊತೆಗೆ ದಿನವೂ ಹಾಕುವ ಚಪ್ಪಲಿಯನ್ನೂ ಒಯ್ಯಿರಿ. ಮದುವೆಗೆ ಇಟ್ಟ ಹೊಸ ಚಪ್ಪಲಿ ಹಾಕಿಕೊಂಡು ಹೋದರೆ ಅವರಿಗೆ ಏನೂ ತಿಳಿಯುವುದಿಲ್ಲ. ಪರೇಲ್‌ನ ಕೆಇಎಂ, ಸಾಯನ್ ಆಸ್ಪತ್ರೆಗಳಂಥ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಸರದಿ ಉದ್ದ, ನಿಂತು ಕಾಯುವುದೇ ಪಾದಕ್ಕೆ ಶಿಕ್ಷೆ. ಮನೆಯ ಇನ್ನೊಬ್ಬರು ಸರದಿಯಲ್ಲಿ ನಿಲ್ಲಲಿ, ಹಿರಿಯರು ಕೂತಿರಲಿ.

ಎರಡು ದಿನ ಕಾಯಬಾರದ ಸಂದರ್ಭಗಳು

ಚರ್ಮ ಒಡೆದಿದ್ದರೆ, ಕೀವು, ದುರ್ವಾಸನೆ, ಕಪ್ಪು ಬಣ್ಣ ಕಂಡರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ, ಜ್ವರ ಬಂದರೆ ಕ್ಯಾಮೆರಾ ಬದಿಗಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗಿ. ಗಾಯವಿಲ್ಲದೆ ಇಡೀ ಪಾದ ಊದಿ, ಕೆಂಪಾಗಿ, ಬಿಸಿಯಾಗಿದ್ದರೂ ಅಷ್ಟೇ. ಅದು ಶಾರ್ಕೊ ಪಾದವಿರಬಹುದು, ಒಳಗೆ ಮೂಳೆಗಳು ಪುಡಿಯಾಗಿ ಕಮಾನು ಕುಸಿಯುವ ಸ್ಥಿತಿ. ಉಳುಕು ಎಂದು ತಿಳಿದು ಎಣ್ಣೆ ತಿಕ್ಕಿ ನಡೆಸಿದರೆ ಪಾದದ ಆಕಾರವೇ ಹೋಗುತ್ತದೆ.

ತಣ್ಣಗಿರುವ ಪಾದವೂ ಸುದ್ದಿಯೇ. ಒಂದು ಕಾಲು ಮಾತ್ರ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ತಣ್ಣಗಿದ್ದರೆ ರಕ್ತನಾಳ ಕಟ್ಟಿಕೊಂಡಿರಬಹುದು. ರಕ್ತದ ಹರಿವನ್ನು ಶಬ್ದತರಂಗದಿಂದ ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿ. ಬೆಚ್ಚಗಾಗಲೆಂದು ಬಿಸಿನೀರಿನ ಚೀಲ ಇಡಬೇಡಿ. ಒಂದು ಮಳೆಗಾಲದ ರಾತ್ರಿ ಈ ಪುಣ್ಯದ ಕೆಲಸ ನಾನೇ ಮಾಡಿದ್ದೆ, ಬೆಳಿಗ್ಗೆ ಅಪ್ಪನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಕ್ಯಾಮೆರಾಕ್ಕೆ ಕಾಣದ ಜಾಗಗಳೂ ಇವೆ: ಬೆರಳ ಸಂದು, ಬೆರಳ ಮೇಲ್ಭಾಗ, ಉಗುರಿನ ಬದಿ. ಅಲ್ಲಿಗೆ ಕಣ್ಣೇ ಬೇಕು, ಬಗ್ಗಲಾಗದವರಿಗೆ ಕನ್ನಡಿ. ಜೂನ್ ಬಂತೆಂದರೆ ಇದು ಇನ್ನೂ ಮುಖ್ಯ. ನಿಂತ ಮಳೆನೀರಿನಲ್ಲಿ ನಡೆಯಬೇಡಿ. ಇಲಿಜ್ವರದ ಭಯವೂ ಇದೆ, ಕೆಳಗೇನಿದೆ ಕಾಣುವುದೂ ಇಲ್ಲ. ಒದ್ದೆಯಾಗಿ ಬಂದರೆ ಸಂದುಗಳನ್ನು ಒರೆಸಿ ಒಣಗಿಸಿ. ತೆಂಗಿನೆಣ್ಣೆ ಅಂಗಾಲಿಗೆ, ಹಿಮ್ಮಡಿಗೆ ಇರಲಿ, ಸಂದಿಗೆ ಬೇಡ. ಮನೆಯೊಳಗೂ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕಿ, ಹಿಂದೆ ಪಟ್ಟಿ ಇರುವುದನ್ನೇ ಆರಿಸಿ. ದೇವರ ಕೋಣೆಗೆ ಚಪ್ಪಲಿ ಹೇಗೆ ಎಂದು ಅಮ್ಮ ಕೇಳಿದಾಗ ಒಂದು ಹೊಸ ಜೊತೆ ತಂದು ಪೂಜೆಗೇ ಮೀಸಲಿಟ್ಟೆವು.

ಮತ್ತೆ ನಡೆಯುವುದು

ಬಾಕಿ 2.2ಕ್ಕಿಂತ ಕೆಳಗಿಳಿಯುವವರೆಗೆ ಕೂರಬೇಕು. ನಾಲ್ಕು ದಿನವಾಗಬಹುದು, ಎರಡು ವಾರವಾಗಬಹುದು. ಇಳಿದ ದಿನವೇ ಹಳೆಯ ವಾಕಿಂಗಿಗೆ ಹೊರಡಬೇಡಿ. ರಿಪೇರಿಯಾದ ಪ್ಯಾನೆಲ್‌ಗೆ ನಾವೂ ಪೂರ್ತಿ ಲೋಡ್ ಒಮ್ಮೆಗೇ ಕೊಡುವುದಿಲ್ಲ. ರಕ್ತ ಕಟ್ಟಿದ್ದ ಆಣಿಯನ್ನು ತೆಗೆಸಿಕೊಂಡು ಬಂದ ಒಂಬತ್ತನೆಯ ದಿನ ಅಪ್ಪನ ಬಾಕಿ 1.3ಕ್ಕೆ ಬಂತು. ಮೊದಲ ದಿನ ಕೆಳಗಿನ ಹಾಲಿನ ಅಂಗಡಿಯವರೆಗೆ ಹೋಗಿ ಬರುವುದು, ಮರುದಿನ ಬೆಳಿಗ್ಗೆ ಅಳತೆ. ಬಾಕಿ ಏರದಿದ್ದರೆ ಮುಂದಿನ ಗಲ್ಲಿಯ ಗಣಪತಿ ಗುಡಿಯವರೆಗೆ, ಮತ್ತೆ ಅಳತೆ. ಏರಿದರೆ ಒಂದು ಹೆಜ್ಜೆ ಹಿಂದಕ್ಕೆ. ಗುಡಿಯ ದಿನ 1.9 ಬಂತು, ಎರಡು ದಿನ ಹಾಲಿನ ಅಂಗಡಿಗೇ ನಿಲ್ಲಿಸಿದೆವು. ಸ್ಟೇಷನ್ ಪಕ್ಕದ ಕಟ್ಟೆಯಲ್ಲಿ ಸೇರುವ ಊರಿನ ಗೆಳೆಯರ ಬಳಿಗೆ ಅವರು ಹೋದದ್ದು ಮೂರನೆಯ ವಾರ, ರಿಕ್ಷಾದಲ್ಲಿ.